ಅಪ್ಪನ ತೋಳಿಗೆ ಹಚ್ಚಿದ ರೊಕ್ಕ

ರಸ್ತೆಗೆ ಬಿದ್ದು ಒಡೆದ ಲಿಂಬೆಹಣ್ಣಿನ ವಾಸನೆಯೇ ಬೇರೆ. ಅಡುಗೆಮನೆಯಲ್ಲಿ ಹೆಚ್ಚಿದ ಲಿಂಬೆಗೆ ಅದು ಇರುವುದಿಲ್ಲ. ಹುಳಿಯ ಜೊತೆಗೆ ಮಣ್ಣು, ಕಾದ ಡಾಂಬರು, ಜಜ್ಜಿದ ಸಿಪ್ಪೆಯ ಕಹಿ ಎಲ್ಲ ಕೂಡಿ ನೇರ ಮೂಗಿಗೆ ಏರುತ್ತದೆ. ಮೊನ್ನೆ ಜಮಖಂಡಿಯ ಪೇಟೆಯಲ್ಲಿ ತರಕಾರಿಯ ಕೈಗಾಡಿಯಿಂದ ಒಂದು ಹಣ್ಣು ಉರುಳಿ ಟಂಟಂ ರಿಕ್ಷಾದ ಗಾಲಿಗೆ ಸಿಕ್ಕಿತು. ಆ ವಾಸನೆ ಬಂದದ್ದೇ ತಡ, ಕೈಯಲ್ಲಿದ್ದ ಚೀಲ ಕೆಳಗಿಟ್ಟು ನನ್ನ ಎಡಗಿವಿ ಮುಚ್ಚಿಕೊಂಡು ನಿಂತುಬಿಟ್ಟೆ. ಗಾಡಿಯವನು ಗಾಬರಿಯಾಗಿ, "ಯಾಕ್ರಿ ಅಕ್ಕಾರ, ತಲಿ ತಿರಗಾಕತ್ತೈತೇನು?" ಎಂದು ಕೇಳಿದ. ಐವತ್ತರ ಹತ್ತಿರ ಬಂದ ಹೆಂಗಸು ನಡುಪೇಟೆಯಲ್ಲಿ ಹಾಗೆ ನಿಂತರೆ ಯಾರಾದರೂ ಕೇಳುವವರೇ. ಏನಿಲ್ಲಪ್ಪ ಎಂದು ಚೀಲ ಎತ್ತಿಕೊಂಡು ಬಂದೆ. ಅವನಿಗೆ ಏನೆಂದು ಹೇಳಲಿ? ಆ ಕಿವಿಗೆ ಏಟು ತಿಂದವಳು ನಾನಲ್ಲ, ನನ್ನ ಅಣ್ಣ ಈರಣ್ಣ. ತಿನ್ನಿಸಿದವಳು ಮಾತ್ರ ನಾನೇ.

ನಾನು ಇಲ್ಲಿನ ಒಂದು ಪತ್ತಿನ ಸಂಘದಲ್ಲಿ ಕ್ಯಾಶಿಯರ್ ಆಗಿದ್ದೇನೆ. ಕಿಟಕಿಯ ಈಚೆ ಕೂತು ಮೂವತ್ತು ವರ್ಷದ ಹತ್ತಿರ ಆಯಿತು. ಈಗೀಗ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು ಅವರ ಹೆಸರಿನಲ್ಲಿ ಖಾತೆ ತೆರೆಸುತ್ತಾರೆ. ಮಕ್ಕಳ ಕೈಯಲ್ಲಿ ಮೊಬೈಲು, ಬೆರಳು ಒತ್ತಿದರೆ ರೊಕ್ಕ ಹೋಯಿತು, ಎಲ್ಲಿ ಹೋಯಿತು ಎಂದು ಕೇಳುವ ಹೊತ್ತಿಗೆ ಇನ್ನೊಂದಿಷ್ಟು ಹೋಗಿರುತ್ತದೆ. ಹೋದ ತಿಂಗಳು ಊರಿನಿಂದಾಚೆಯ ಒಬ್ಬ ಹುಡುಗ ಬಂದು ಪರದೆಯ ಮೇಲೆ ಚಿತ್ರ ತೋರಿಸಿ, ಮಕ್ಕಳಿಗೆ ಹಣದ ಶಿಸ್ತು ಕಲಿಸುವುದು ಹೇಗೆ ಎಂದು ಒಂದು ತಾಸು ಮಾತಾಡಿದ. ಒಳ್ಳೆಯ ಹುಡುಗ, ಚಹಾ ಕೊಟ್ಟರೆ ಕಪ್ಪು ತಾನೇ ತೊಳೆದಿಟ್ಟ. ಆದರೆ ಶಿಸ್ತು ಎಂಬ ಶಬ್ದ ಅವನ ಬಾಯಿಂದ ಬಂದಾಗಲೆಲ್ಲ ನನಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಕೊನೆಗೆ ಒಬ್ಬ ತಾಯಿ ನನ್ನನ್ನು ನೋಡಿ, "ಅಕ್ಕಾರ, ನಿಮ್ಮ ಲೆಕ್ಕ ಒಂದ ಪೈಸೆ ಹೆಚ್ಚುಕಮ್ಮಿ ಆಗೂದಿಲ್ಲ ಅಂತಾರ. ನಿಮಗ ಯಾರ ಕಲಿಸ್ಯಾರ್ರಿ?" ಅಂದಳು. ನಮ್ಮಪ್ಪ ಎಂದೆ. "ಪುಣ್ಯಾ ಮಾಡೀರಿ," ಅಂದಳು. ನಾನು ನಕ್ಕೆ. ಆ ನಗು ಮುಖದಿಂದ ಇಳಿಯಲಿಕ್ಕೆ ಸಂಜೆಯಾಯಿತು.

ಬನಹಟ್ಟಿಯ ನಮ್ಮ ಮನೆ ಈಗ ಇಲ್ಲ. ಓಣಿಯ ಕಡೆಗೆ ಮುಖ ಮಾಡಿದ ಮೂರು ಖೋಲಿ, ಅವುಗಳ ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಆರು ಪಾವರ್‌ಲೂಮು. ಕರೆಂಟು ಬಂತೆಂದರೆ ಆರೂ ಒಮ್ಮೆಗೇ ಬಡಿಯಲಿಕ್ಕೆ ಶುರು ಮಾಡುತ್ತಿದ್ದವು. ಗೋಡೆಯ ಮೇಲಿನ ದೇವರ ಫೋಟೋ ಅಲುಗಾಡುತ್ತಿತ್ತು, ತಾಟಿನಲ್ಲಿಟ್ಟ ಲೋಟ ತಾನಾಗಿ ಅಂಚಿನ ಕಡೆಗೆ ಸರಿಯುತ್ತಿತ್ತು. ಊಟ ಮಾಡುವಾಗ ಒಂದು ಕೈ ಲೋಟದ ಮೇಲಿರಬೇಕು, ಅದು ನಮ್ಮ ಮನೆಯ ರೀತಿ. ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ, ಯಂತ್ರದ ಎಣ್ಣೆಯ ವಾಸನೆ, ಅವ್ವ ಬಡಿಯುತ್ತಿದ್ದ ಜೋಳದ ರೊಟ್ಟಿಯ ವಾಸನೆ ಮೂರೂ ಬೆರೆತು ನಮ್ಮ ಅಂಗಿಗೆ, ಕೂದಲಿಗೆ, ಸಾಲಿಯ ಪುಸ್ತಕಕ್ಕೆ ಹತ್ತಿಕೊಂಡಿರುತ್ತಿತ್ತು. ಆ ಪುಸ್ತಕಗಳಲ್ಲಿ ಒಂದಾದರೂ ಉಳಿದಿದ್ದರೆ ಇವತ್ತು ಮೂಸಿ ನೋಡುತ್ತಿದ್ದೆ.

ನಾನು, ಈರಣ್ಣ ಇಬ್ಬರೂ ಸಾಲಿ ಬಿಟ್ಟ ಮೇಲೆ ಕಂಡಿಕೆ ಸುತ್ತುತ್ತಿದ್ದೆವು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ. ಕೈಯಿಂದ ರಾಟಿ ತಿರುವಿ ಅದಕ್ಕೆ ನೂಲು ಸುತ್ತಬೇಕು. ನೇಕಾರರ ಮನೆಯ ಮಕ್ಕಳೆಲ್ಲ ಮಾಡುವ ಕೆಲಸವೇ. ಆದರೆ ನಮ್ಮಪ್ಪ ಒಂದು ಬೇರೆ ಪದ್ಧತಿ ಇಟ್ಟಿದ್ದ. ವಾರದ ಬಟವಡೆಯ ದಿನ ಮಗ್ಗದವರ ಸಾಲಿನಲ್ಲಿ ನಾವೂ ನಿಲ್ಲಬೇಕು. ಎಲ್ಲರ ಪಗಾರ ಮುಗಿದ ಮೇಲೆ ನಮ್ಮ ಕಂಡಿಕೆ ಎಣಿಸಿ ನಮಗೂ ಪಗಾರ. ಸಹಿ ಮಾಡಿ ತೆಗೆದುಕೊಳ್ಳಬೇಕು. ಒಂಬತ್ತು ವರ್ಷದವಳಿದ್ದಾಗ ಮೊದಲ ಸಲ ಸಹಿ ಮಾಡಿ ಎರಡು ರೂಪಾಯಿ ಇಸಿದುಕೊಂಡಾಗ ನಾನು ನೆಲದ ಮೇಲೆ ಇರಲಿಲ್ಲ. ಅಪ್ಪ ನಮ್ಮನ್ನು ಸಂತೆಗೆ ಕರೆದುಕೊಂಡು ಹೋಗಿ ಉಳ್ಳಾಗಡ್ಡಿ ಹೇಗೆ ಕೇಳಬೇಕು, ಚಿಲ್ಲರೆ ಹೇಗೆ ಎಣಿಸಬೇಕು, ಹರಿದ ನೋಟು ಹೇಗೆ ಗುರುತಿಸಬೇಕು ಎಂದೆಲ್ಲ ತೋರಿಸುತ್ತಿದ್ದ. "ಮಂದಿ ಬಾಯಿ ಮಾತಿಗೆ ರೊಕ್ಕ ಹಾಕಬ್ಯಾಡ್ರಿ. ನಿಮ್ಮ ಕಣ್ಣಿಲೆ ನೋಡಿ, ಖರೇ ಅನಿಸಿದ್ದರ ಮ್ಯಾಲ ಅಷ್ಟ ಹಾಕ್ರಿ," ಅನ್ನುತ್ತಿದ್ದ. ಅಷ್ಟು ಚಂದ ಕಲಿಸುವವರನ್ನು ನಾನು ಮತ್ತೆ ಕಾಣಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಪಗಾರ ಕೊಟ್ಟ ಮೇಲೆ ಹೋದ ವಾರದ ಲೆಕ್ಕ. ಶೆಡ್ಡಿನ ಮೆಟ್ಟಿಲ ಮೇಲೆ ನಮ್ಮನ್ನು ಕೂಡಿಸಿ, ತಾನು ನಿಂತು, "ಹೇಳ್ರಿ" ಅನ್ನುತ್ತಿದ್ದ. ಅವನ ಕೈಯಲ್ಲಿ ಮಗ್ಗದಿಂದ ಬಿಚ್ಚಿದ ಒಂದು ಹಳೆಯ ಚರ್ಮದ ಪಟ್ಟಿ ಇರುತ್ತಿತ್ತು. ಎಣ್ಣೆ ಕುಡಿದು ಕುಡಿದು ಕರ್ರಗಾದದ್ದು. ಯಾವ ನಾಣ್ಯ ಎಲ್ಲಿ ಹೋಯಿತು ಎಂದು ಹೇಳಲಿಕ್ಕೆ ಬಾರದಿದ್ದರೆ ಮೀನಖಂಡಕ್ಕೆ ಒಂದು. ಸುಳ್ಳು ಹೇಳಿ ಸಿಕ್ಕರೆ ನಾಲ್ಕು. ಒಂದು ಸಲ ನಾನು ಎಂಟಾಣೆಯ ಚುರಮರಿ ತಿಂದು ಪೆನ್ಸಿಲ್ಲಿಗೆ ಕೊಟ್ಟೆ ಎಂದೆ. ಪೆನ್ಸಿಲ್ಲು ತೋರಿಸು ಅಂದ. ಆಮೇಲೆ ಎರಡು ದಿನ ನಾನು ಸಾಲಿಯಲ್ಲಿ ಒಂದು ಕಾಲು ಮಡಚಿಕೊಂಡು ಕೂತೆ. ಈರಣ್ಣ ನನಗಿಂತ ಎರಡು ವರ್ಷ ದೊಡ್ಡವನು, ಅವನ ಪಾಲೂ ದೊಡ್ಡದಿರುತ್ತಿತ್ತು. ಹೊಡೆಯುವಾಗ ಅಪ್ಪನ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ, ಅಂಜಿಕೆ ಇರುತ್ತಿತ್ತು. ಅದು ನನಗೆ ಅರ್ಥವಾದದ್ದು ಎಷ್ಟೋ ತಡವಾಗಿ. ಅವನ ಅಪ್ಪ, ನಮ್ಮಜ್ಜ, ತೇರದಾಳದಲ್ಲಿ ಎರಡು ಕೈಮಗ್ಗಗಳನ್ನು ಇಸ್ಪೀಟಿನಲ್ಲಿ ಕಳೆದು, ಒಂಬತ್ತು ವರ್ಷದ ಮಗನನ್ನು ಮಂದಿಯ ಮನೆಯಲ್ಲಿ ದುಡಿಯಲಿಕ್ಕೆ ಬಿಟ್ಟು ಸತ್ತಿದ್ದ. ನಮ್ಮಿಬ್ಬರ ಕಾಲಿಗೆ ಬೀಳುತ್ತಿದ್ದ ಏಟೆಲ್ಲ ಆ ಅಜ್ಜನಿಗೆ ಬೀಳಬೇಕಾದದ್ದು. ಅವನು ಸಿಗಲಿಲ್ಲ, ನಾವು ಸಿಕ್ಕೆವು.

ಹಾಗಾಗಿ ನಮ್ಮ ಮನೆಯಲ್ಲಿ ಇಸ್ಪೀಟು, ಶರ್ತು, ಲಾಟರಿ ಎಂಬ ಶಬ್ದಗಳನ್ನು ಬಾಯಲ್ಲಿ ತರುವಂತಿರಲಿಲ್ಲ. ಆದರೆ ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಇಡೀ ಊರೇ ಶರ್ತು ಕಟ್ಟುತ್ತದೆ. ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಾರೆ, ಉಂಡಿ ಹಂಚುತ್ತಾರೆ. ಗಂಡಸರು ಕಣ್ಣು ಕಟ್ಟಿಕೊಂಡು ನಡೆಯುವುದು, ಚೀಲ ಹೊತ್ತು ಓಡುವುದು, ಎಲ್ಲಕ್ಕಿಂತ ದೊಡ್ಡದು ಲಿಂಬೆಹಣ್ಣು ಒಗೆಯುವುದು. ಇಲ್ಲಿಂದ ಅಲ್ಲಿಗೆ ಇಂತಿಷ್ಟು ಒಗೆತದಲ್ಲಿ ಮುಟ್ಟಿಸುತ್ತೇನೆ ಎಂದು ಒಬ್ಬ ನಿಲ್ಲುತ್ತಾನೆ. ಹಣ್ಣು ಬಿದ್ದು ಉರುಳಿ ನಿಂತಲ್ಲಿಂದ ಮುಂದಿನ ಒಗೆತ. ಮುಟ್ಟಿಸುತ್ತಾನೆ ಎಂದು ಕೆಲವರು, ಇಲ್ಲ ಎಂದು ಕೆಲವರು ರೊಕ್ಕ ಹಚ್ಚುತ್ತಾರೆ. ಆ ಒಗೆಯುವವ ಪ್ರತಿ ವರ್ಷ ನಮ್ಮಪ್ಪನೇ. ತಾನು ಒಂದು ಪೈಸೆ ಹಚ್ಚುತ್ತಿರಲಿಲ್ಲ. ಗೆದ್ದರೆ ಒಂದು ತೆಂಗಿನಕಾಯಿ, ಒಂದು ರುಮಾಲು, ಮೈತುಂಬ ಗುಲಾಲು ಅಷ್ಟೇ. ವರ್ಷವಿಡೀ ಬಿಗಿದುಕೊಂಡು ಬದುಕುವ ಮನುಷ್ಯ ಅವತ್ತು ಒಂದು ಹೊತ್ತು ಅಂಗಿಯ ತೋಳು ಮಡಚಿ, ನಕ್ಕು, ಹುಡುಗರ ಹಾಗೆ ಓಡುತ್ತಿದ್ದ. ಆ ಅಪ್ಪನನ್ನು ನೋಡಲಿಕ್ಕೆ ನಾವು ವರ್ಷವೆಲ್ಲ ಕಾಯುತ್ತಿದ್ದೆವು.

ನನಗೆ ಹನ್ನೆರಡು, ಈರಣ್ಣನಿಗೆ ಹದಿನಾಲ್ಕು ತುಂಬಿದ ವರ್ಷ. ಪಂಚಮಿಯ ದಿನ ಬೆಳಿಗ್ಗೆ ಅಪ್ಪನ ಮುಂದೆ ನಮ್ಮ ಮಣ್ಣಿನ ಹುಂಡಿ ಒಡೆಯುವುದು ಪದ್ಧತಿ. ಈರಣ್ಣನದು ನೂರಾ ನಲವತ್ತು ರೂಪಾಯಿ, ನನ್ನದು ತೊಂಬತ್ತು. ಅಪ್ಪ ಎಣಿಸಿ, ನಮ್ಮ ನಮ್ಮ ಕೈಗೇ ಕೊಟ್ಟು, "ಏನ ತಗೋತೀರಿ ವಿಚಾರ ಮಾಡಿ ಸಂಜಿಕ ಹೇಳ್ರಿ" ಎಂದು ಹೊರಗೆ ಹೋದ. ನಮಗೆ ಏನು ಬೇಕೆಂಬುದು ಮೊದಲೇ ಗೊತ್ತಿತ್ತು. ರಬಕವಿಯ ಒಂದು ಅಂಗಡಿಯಲ್ಲಿ ಹಳೆಯದೊಂದು ಸೈಕಲ್ಲು ಮಾರಾಟಕ್ಕಿತ್ತು, ನಾನೂರೈವತ್ತು. ಇಬ್ಬರೂ ಡಬಲ್ ಸವಾರಿ ಹೈಸ್ಕೂಲಿಗೆ ಹೋಗಬಹುದು. ನಮ್ಮಿಬ್ಬರದು ಕೂಡಿಸಿದರೆ ಇನ್ನೂರಾ ಮೂವತ್ತು. ಹಿತ್ತಲಲ್ಲಿ ಜೋಕಾಲಿಯ ಹಗ್ಗ ಹಿಡಿದು ನಿಂತು ಈರಣ್ಣ ನನ್ನ ಕಿವಿಯಲ್ಲಿ ಹೇಳಿದ: "ಅಪ್ಪನ ಮ್ಯಾಲ ಹಚ್ಚಿದರ ಡಬಲ್. ನಾನೂರಾ ಅರವತ್ತು. ಸೈಕಲ್ ತಗೊಂಡು ಹತ್ತು ರೂಪಾಯಿ ಉಳಿತೈತಿ, ನಿನಗ ಚುರಮರಿ." ಅಪ್ಪ ಕೊಲ್ಲುತ್ತಾನೆ ಎಂದೆ. "ಅಪ್ಪನ ಹೇಳ್ಯಾನಲ್ಲ, ಕಣ್ಣಿಲೆ ನೋಡಿದ್ದರ ಮ್ಯಾಲ ಹಾಕ್ರಿ ಅಂತ. ಅವನ ತೋಳ ನಾವು ನೋಡಿಲ್ಲೇನು?" ಅಂದ.

ನೋಡಿಯೇ ಇದ್ದೆವು. ಆ ತೋಳಿನ ಬಲ ಊರಿನಲ್ಲಿ ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾನೇ ಎಣಿಸಿ ತೊಂಬತ್ತು ರೂಪಾಯಿ ಅವನ ಅಂಗೈಗೆ ಹಾಕಿದೆ.

ಆ ವರ್ಷದ ಶರ್ತು ಬಿಗಿಯಾಗಿತ್ತು. ನಮ್ಮ ಓಣಿಯ ಕಟ್ಟೆಯಿಂದ ರಬಕವಿ ರಸ್ತೆಯ ಒಂದು ಬಾವಿಯ ತನಕ ಮೂವತ್ತು ಒಗೆತ. ಹಿಂದಿನ ವರ್ಷ ಅಷ್ಟೇ ದೂರಕ್ಕೆ ಅಪ್ಪನಿಗೆ ಮೂವತ್ತಮೂರು ಬೇಕಾಗಿತ್ತು. ಹೀಗಾಗಿ ಆಗುವುದಿಲ್ಲ ಎನ್ನುವವರೇ ಹೆಚ್ಚು. ರೊಕ್ಕ ಹಿಡಿಯುತ್ತಿದ್ದವನು ಮಾರುತಿ ಕಾಕಾ, ನಮ್ಮ ಮೂರನೇ ಮಗ್ಗ ನಡೆಸುವವನು. ಅವನು ಮೊದಲು ಬೈದ, ಆಮೇಲೆ ನಕ್ಕ, ಪಂಚಮಿಯಲ್ಲವೇ ಎಂದು ಈರಣ್ಣನ ರೊಕ್ಕ ಇಸಿದುಕೊಂಡು ಟವೆಲಿನ ತುದಿಗೆ ಗಂಟು ಹಾಕಿದ. ನಾವು ಗುಂಪಿನ ಹಿಂದೆ ಓಡಿದೆವು. ಹತ್ತು ಒಗೆತ, ಹದಿನೈದು. ಹಣ್ಣುಗಳು ಡಾಂಬರಿಗೆ ಬಡಿದು ಒಡೆಯುತ್ತಿದ್ದವು, ಹೊಸದು ಕೊಡುತ್ತಿದ್ದರು, ರಸ್ತೆಯೆಲ್ಲ ಹುಳಿ. ಇಪ್ಪತ್ತರ ಹೊತ್ತಿಗೆ ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಈರಣ್ಣ ಪ್ರತಿ ಒಗೆತಕ್ಕೂ ತನ್ನ ಬಲತೋಳು ತಾನೇ ಹಿಡಿದುಕೊಳ್ಳುತ್ತಿದ್ದ. ಇಪ್ಪತ್ತೊಂಬತ್ತನೆಯದು ಬಾವಿಯ ಕಟ್ಟೆಗೆ ಬಡಿದು ಒಳಗೆ ಬಿತ್ತು.

ಎಂಥ ಕೂಗು ಎದ್ದಿತು ಅಂತೀರಿ! ಅಪ್ಪನನ್ನು ಎತ್ತಿ ಕುಣಿಸಿದರು, ತಲೆಗೆ ರುಮಾಲು ಸುತ್ತಿದರು, ಗುಲಾಲು ಎರಚಿದರು. ಈರಣ್ಣ ಮಾರುತಿ ಕಾಕಾನಿಂದ ರೊಕ್ಕ ಇಸಿದುಕೊಂಡು ಅಂಗಿಯ ಮಡಿಲಲ್ಲಿ ಹಿಡಿದು, ಮಂದಿಯ ಕಾಲುಗಳ ನಡುವೆ ತೂರಿ ಅಪ್ಪನ ಮುಂದೆ ನಿಂತ. ಅವನ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಅಷ್ಟು ಖುಷಿಯಾದ ಮನುಷ್ಯನ ಮುಖವನ್ನು ನಾನು ಆಮೇಲೆ ನನ್ನ ಮದುವೆಯಲ್ಲಿ ಕೂಡ ನೋಡಲಿಲ್ಲ. "ಅಪ್ಪಾ, ನಿನ್ನ ಮ್ಯಾಲ ಹಚ್ಚಿದ್ನೋ! ಎಲ್ಲಾ ನಿನ್ನ ಮ್ಯಾಲ ಹಚ್ಚಿದ್ದೆ!"

ಅಪ್ಪನ ನಗು ನಿಂತಿತು. ಮಡಿಲಲ್ಲಿದ್ದ ನೋಟುಗಳನ್ನು ನೋಡಿದ. ಮೊದಲ ಏಟು ಕೆನ್ನೆಗೆ ಬಿತ್ತು, ಎರಡನೆಯದು ಬೆನ್ನಿಗೆ. ನೋಟು ನಾಣ್ಯ ರಸ್ತೆಗೆ ಚೆಲ್ಲಿದವು, ಸಣ್ಣ ಹುಡುಗರು ಆಯಲಿಕ್ಕೆ ಬಗ್ಗಿದರು, ಅಪ್ಪ ಒಬ್ಬನನ್ನು ಒದ್ದು ಸರಿಸಿದ. ಮಾರುತಿ ಕಾಕಾ ನಡುವೆ ಬಂದ. "ಹಬ್ಬದ ದಿನ ಐತ್ರಿ ಅಣ್ಣಾರ, ಬಿಡ್ರಿ, ತಪ್ಪ ನಂದು," ಅನ್ನುತ್ತಿದ್ದವನನ್ನು ಒಂದೇ ಕೈಯಿಂದ ತಳ್ಳಿದ ರಭಸಕ್ಕೆ ಅವನು ಹೋಗಿ ಬಾವಿಯ ಕಟ್ಟೆಗೆ ಬಿದ್ದ. ಆಮೇಲೆ ಅಪ್ಪ ನೆಲದಿಂದ ರೊಕ್ಕ ಆಯ್ದು ಎಣಿಸಿದ. ಗುಲಾಲು ಹತ್ತಿದ ಕೈಯಲ್ಲಿ, ಎಲ್ಲರೆದುರು, ಒಂದೊಂದಾಗಿ ಎಣಿಸಿದ.

"ನಾನೂರಾ ಅರವತ್ತ ಐತಿ. ಅಂದರ ಹಚ್ಚಿದ್ದು ಇನ್ನೂರಾ ಮೂವತ್ತು. ನಿಂದು ನೂರಾ ನಲವತ್ತು. ಉಳಿದ ತೊಂಬತ್ತು ಯಾರದು?"

ಈರಣ್ಣ ನನ್ನ ಕಡೆ ಒಂದು ಸಲ ನೋಡಿದ. ಅಪ್ಪನೂ ನನ್ನ ಕಡೆ ತಿರುಗಿದ. "ಶಾಂತಾ, ನೀ ಕೊಟ್ಟೀಯೇನು?"

ಓದುವವರೇ, ನಿಮಗೆಲ್ಲ ಒಂದೊಂದು ಇಂಥ ಗಳಿಗೆ ಇರಬಹುದು. ಆ ಗಳಿಗೆಯಲ್ಲಿ ಹನ್ನೆರಡು ವರ್ಷದ ನನಗೆ ಧರ್ಮ ಕರ್ಮ ಏನೂ ಕಾಣಲಿಲ್ಲ. ಅಪ್ಪನ ಕೈ ಒಂದೇ ಕಂಡಿತು. "ಇಲ್ಲ," ಅಂದೆ.

"ಹಂಗಾರ ತಂಗಿ ಗಂಟ ಕದ್ದೀ?"

ಪಂಚಮಿ ನಮ್ಮಲ್ಲಿ ಅಣ್ಣತಂಗಿಯರ ಹಬ್ಬ. ಅಣ್ಣನಾದವನು ತಂಗಿಯ ಮಡಿಲಿಗೆ ಏನಾದರೂ ಹಾಕುವ ದಿನ. ಆ ದಿನವೇ ತಂಗಿಯದನ್ನು ಕದ್ದವನು ಎಂದರೆ ಆ ಮಂದಿಯ ನಡುವೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿರಲಿಲ್ಲ. ಈರಣ್ಣ ನನ್ನನ್ನು ಇನ್ನೊಮ್ಮೆ ನೋಡಲಿಲ್ಲ. "ಹೂಂ, ಕದ್ದೇನಿ," ಅಂದ.

ಆಮೇಲಿನದು ಪಾಠ ಆಗಿರಲಿಲ್ಲ. ಅಪ್ಪ ಅವನ ಕುತ್ತಿಗೆ ಹಿಡಿದು ಎತ್ತಿ, ಎರಡು ಕಿಲೋಮೀಟರು ಲಿಂಬೆಹಣ್ಣು ಒಗೆದ ಅದೇ ಬಲಗೈಯಿಂದ ಎಡಗಿವಿಗೆ ಹೊಡೆದ. ಬಟ್ಟೆ ಹರಿದಂಥ ಸಪ್ಪಳ ನನಗೆ ಕೇಳಿಸಿತು. ಬಿದ್ದ ಮೇಲೂ ಹೊಡೆದ. ರುಮಾಲು ಬಿಚ್ಚಿ ಅದರಿಂದಲೂ ಬಾರಿಸಿದ. ಗೆದ್ದವನನ್ನು ಹೊತ್ತು ಕುಣಿದ ಮಂದಿಯೇ ನಾಲ್ಕು ಜನ ಸೇರಿ ಅವನನ್ನು ಹಿಡಿದರು. ಈರಣ್ಣನ ಕಿವಿಯಿಂದ ಕುತ್ತಿಗೆಗೆ ಕೆಂಪಗೆ ಇಳಿದಿತ್ತು. ಎಲ್ಲರ ಮೈಮೇಲೂ ಗುಲಾಲು ಇದ್ದುದರಿಂದ ರಕ್ತ ಯಾವುದು ಎಂದು ಮೊದಲು ಯಾರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಅವ್ವ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಅವನ ಕಿವಿಗೆ ಬಿಟ್ಟಳು. ಅದನ್ನು ಬಿಡಬಾರದಿತ್ತಂತೆ, ಯಾರಿಗೆ ಗೊತ್ತು. ಮೂರನೆಯ ದಿನ ಜೋಳದ ಡಬ್ಬಿಯ ತಳದಿಂದ ಯಾರಿಗೂ ತಿಳಿಯದ ತನ್ನ ರೊಕ್ಕ ತೆಗೆದು ಜಮಖಂಡಿಯ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಒಳಗಿನ ಪರದೆ ಹರಿದಿದೆ, ಕೀವು ತುಂಬಿದೆ ಎಂದರಂತೆ. ಆ ಕಿವಿಗೆ ಮತ್ತೆ ಕೇಳಿಸಲಿಲ್ಲ. ಅವತ್ತು ಒಲೆಯ ಮುಂದೆ ಅವ್ವ ನನ್ನ ಕಡೆ ತಿರುಗದೆ ಹೇಳಿದಳು: "ಹಿತ್ತಲದಾಗ ನೀನ ಎಣಿಸಿ ಅವನ ಕೈಯಾಗ ಹಾಕಿದ್ದು ನಾ ನೋಡೇನಿ." ನಾನು ಅಳಲಿಕ್ಕೆ ಶುರು ಮಾಡಿದೆ. ಅಪ್ಪನಿಗೆ ಹೇಳುತ್ತೇನೆ ಎಂದೆ. ಅವ್ವ ನನ್ನ ಬಾಯಿಯನ್ನು ಹಿಟ್ಟಿನ ಕೈಯಿಂದ ಗಟ್ಟಿಯಾಗಿ ಮುಚ್ಚಿದಳು. "ಈಗ ಹೇಳಿದರ ನಿನ್ನ ಕೊಲ್ತಾನ. ಒಂದ ಕಿವಿ ಹೋಗಿದ್ದ ಸಾಕು." ಹೀಗೆ ನಮ್ಮ ಮನೆಯಲ್ಲಿ ನಾವು ಮೂರೂ ಜನ ರೊಕ್ಕದ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುವುದನ್ನು ಚೆನ್ನಾಗಿ ಕಲಿತೆವು.

ಅಪ್ಪ ಆ ನಾನೂರಾ ಅರವತ್ತನ್ನೂ ನನ್ನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಇಟ್ಟ. ಅಣ್ಣನದೂ ನನಗೇ, ದಂಡವಾಗಿ. ನನ್ನ ಮೊದಲ ಪಾಸ್‌ಬುಕ್ಕು ಅದು. ಸಾಲಿಯಲ್ಲಿ ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು. ನಾನು ರೊಕ್ಕದಲ್ಲಿ ಶಾಣ್ಯಾಕಿ ಎಂದು ಹೆಸರಾದದ್ದು ಅಲ್ಲಿಂದ. ಕಾಮರ್ಸ್ ಓದಿಸಿದರು, ಇಲ್ಲಿಯ ತನಕ ಬಂದೆ. ಈರಣ್ಣನ ಪಗಾರ ಮಗ್ಗದವರ ಸಾಲಿನಲ್ಲೇ ಮುಂದುವರಿಯಿತು, ಆದರೆ ಮನೆಯ ರೊಕ್ಕದ ಗಲ್ಲೆಯ ಹತ್ತಿರ ಅವನು ಹೋಗುವಂತಿರಲಿಲ್ಲ. ಅವನು ಖೋಲಿಗೆ ಬಂದರೆ ಅಪ್ಪ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಹತ್ತನೆಯದು ಮುಗಿದ ಮೇಲೆ ಅವನು ಸಾಲಿ ಬಿಟ್ಟು ಆರನೆಯ ಮಗ್ಗ ಹಿಡಿದ. ಬಟವಡೆಯ ದಿನ ಮಾರುತಿ ಕಾಕಾನ ಹಿಂದೆ ನಿಂತು, ಉಳಿದ ನೇಕಾರರು ಮಾಲಕನ ಜೊತೆ ಮಾತಾಡುವ ಹಾಗೇ ಅಪ್ಪನಿಗೆ "ಕೊಡ್ರಿ, ಹೋಗ್ತೇನ್ರಿ" ಅನ್ನುತ್ತಿದ್ದ. ಕೊಟ್ಟದ್ದನ್ನು ಎಣಿಸದೆ ಅವ್ವನ ಕೈಗೆ ಹಾಕುತ್ತಿದ್ದ. ಅಪ್ಪ ಆ ಪಂಚಮಿಯ ನಂತರ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅದರ ಅವಶ್ಯಕತೆಯೇ ಬೀಳಲಿಲ್ಲ, ನಾವು ಅಷ್ಟು ಸುಮ್ಮನಾಗಿದ್ದೆವು.

ಸುಮ್ಮನಿದ್ದದ್ದು ಮೇಲಿನಿಂದ ಮಾತ್ರ. ಈರಣ್ಣನಿಗೆ ಹದಿನೆಂಟಾದ ವರ್ಷ ಪಂಚಮಿಗೆ ಓಣಿಯ ಹುಡುಗರು ಅಪ್ಪ ಮತ್ತೆ ಒಗೆಯಲಿ ಎಂದು ಒಂದು ಬುಟ್ಟಿ ಲಿಂಬೆಹಣ್ಣು ತಂದು ನಮ್ಮ ಅಂಗಳದಲ್ಲಿ ಇಟ್ಟರು. ಈರಣ್ಣ ಶೆಡ್ಡಿನಿಂದ ಬಂದು ಬುಟ್ಟಿಯನ್ನು ಒದ್ದು ಚೆಲ್ಲಿದ. ಆಮೇಲೆ ಒಂದೊಂದೇ ಹಣ್ಣನ್ನು ಹಿಮ್ಮಡಿಯಿಂದ ತುಳಿದ. ಐವತ್ತೋ ಅರವತ್ತೋ ಹಣ್ಣು, ಒಂದನ್ನೂ ಬಿಡಲಿಲ್ಲ. ಅಂಗಳದ ಕಲ್ಲಿಗೆ ಅವನ ಪಾದ ಸಿಗಿದು ರಕ್ತ ಬಂತು, ಹುಳಿ ಹತ್ತಿ ಉರಿದಿರಬೇಕು, ನಿಲ್ಲಿಸಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಕೊನೆಯ ಹಣ್ಣಿನ ತನಕ ನೋಡಿ, ಎದ್ದು ಒಳಗೆ ಹೋದ. ಮತ್ತೆ ಯಾವ ವರ್ಷವೂ ಅವನು ಒಗೆಯಲಿಲ್ಲ.

ನನಗೆ ಇಪ್ಪತ್ತೆರಡಕ್ಕೆ ಜಮಖಂಡಿಯ ಮನೆತನದ ಜೊತೆ ಮದುವೆ ಗೊತ್ತಾಯಿತು. ಅವ್ವ ಹಿಂದಿನ ವರ್ಷ ತೀರಿಕೊಂಡಿದ್ದಳು. ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಖೋಲಿಗೆ ಕರೆದು ಕಾಗದಗಳನ್ನು ಮುಂದಿಟ್ಟ. ಆರೂ ಮಗ್ಗ ಮಾರುವವನಿದ್ದ, ಗಿರಾಕಿಯನ್ನೂ ನೋಡಿ ಆಗಿತ್ತು. ಬಂದ ರೊಕ್ಕವೆಲ್ಲ ನನ್ನ ಹೆಸರಿಗೆ. "ಈರ್ಯಾನ ಕೈಯಾಗ ಕೊಟ್ಟರ ಉಳಿಯೂದಿಲ್ಲವಾ. ತಂಗಿ ಗಂಟಿಗೆ ಕೈ ಹಾಕಿದಾಂವ ಅವ. ಅವಗ ವಾರದ ಪಗಾರ ಎಲ್ಲೆರೆ ಸಿಗತೈತಿ." ಗೋಡೆಯ ಆಚೆ ಆರನೆಯ ಮಗ್ಗ ಬಡಿಯುತ್ತಿತ್ತು. ಅಣ್ಣನಿಗೆ ಬರುವುದು ಅದೊಂದೇ ಕೆಲಸ, ಇರುವುದು ಅದೊಂದೇ ಜಾಗ. ಅದೂ ಹೋಗುವುದರಲ್ಲಿತ್ತು. ನನಗೆ ಕಾಗದದ ಮೇಲಿನ ಅಕ್ಷರ ಕಾಣದಾಯಿತು.

"ಅವ ಕದ್ದಿಲ್ಲಪ್ಪಾ. ನಾನ ಕೊಟ್ಟಿದ್ದೆ. ಎಣಿಸಿ ಕೊಟ್ಟಿದ್ದೆ."

ಅಪ್ಪ ಕಾಗದದ ಮೇಲಿಂದ ತಲೆ ಎತ್ತಿದ. ಆಮೇಲೆ ಹೊಡೆದ, ಒಂದೇ ಒಂದು, ಬಾಯಿಯ ಮೇಲೆ. ಹಲ್ಲು ತುಟಿಗೆ ನಾಟಿ ಕಾಗದದ ಮೇಲೆ ಹನಿ ಬಿತ್ತು. ನನಗೆ ನೋವಾಗಲಿಲ್ಲ. ಹತ್ತು ವರ್ಷ ತಡವಾಗಿ ಬಂತು ಅನ್ನಿಸಿತು. ಅಪ್ಪ ತನ್ನ ಬಲಗೈಯನ್ನು ತಿರುವಿ ಮುರುವಿ ನೋಡಿಕೊಂಡ. ಎದ್ದು, ಗೋಡೆ ಹಿಡಿದುಕೊಂಡು ಶೆಡ್ಡಿನ ಕಡೆ ನಡೆದ. ನಾನು ಸೆರಗಿನಿಂದ ತುಟಿ ಒತ್ತಿಕೊಂಡು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

ಆರೂ ಮಗ್ಗ ನಡೆಯುತ್ತಿದ್ದವು. ಆ ಗದ್ದಲದಲ್ಲಿ ತನ್ನ ಮಾತು ತನಗೇ ಕೇಳಿಸುವುದಿಲ್ಲ. ಅಪ್ಪ ಹೋಗಿ ಈರಣ್ಣನ ಎಡಗಡೆ ನಿಂತ, ಕೇಳದ ಕಿವಿಯ ಕಡೆ. ಈರಣ್ಣ ನೂಲಿನ ಮೇಲೆ ಕಣ್ಣಿಟ್ಟು ಬಗ್ಗಿದ್ದ. ಅಪ್ಪನ ತುಟಿ ಅಲುಗಿತು. ಮೊದಲು ನಿಧಾನವಾಗಿ, ಆಮೇಲೆ ಮುಖವೆಲ್ಲ ಮುರಿದುಕೊಂಡು. ನನಗೆ ಶಬ್ದ ಕೇಳಿಸಲಿಲ್ಲ, ಬಾಯಿ ನೋಡಿ ತಿಳಿಯಿತು. "ತಪ್ಪಾತೋ ಯಪ್ಪಾ. ನಂದ ತಪ್ಪಾತು." ಜನ್ಮದಲ್ಲಿ ಒಂದೇ ಸಲ ಆ ಮನುಷ್ಯ ಆ ಮಾತು ಆಡಿದ. ಆಡಿದ್ದು ತಾನೇ ಒಡೆದ ಕಿವಿಗೆ, ಆರು ಮಗ್ಗದ ಸಪ್ಪಳದೊಳಗೆ.

ಈರಣ್ಣ ತಲೆ ಎತ್ತಿದ. ಕೈ ಚಾಚಿ ತನ್ನ ಮಗ್ಗ ನಿಲ್ಲಿಸಿದ. ಓಡಿಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನೂ ಕೆಳಗೆಳೆದ. ಐದೂ ಮಗ್ಗ ಒಂದರ ಹಿಂದೆ ಒಂದು ನಿಂತವು, ನೇಕಾರರೆಲ್ಲ ತಿರುಗಿ ನೋಡಿದರು. ಆ ಶೆಡ್ಡಿನಲ್ಲಿ ಹಗಲು ಹೊತ್ತು ಅಂಥ ಶಾಂತತೆಯನ್ನು ನಾನು ಕೇಳಿರಲಿಲ್ಲ. ಈರಣ್ಣ ಬಂದು ಈ ಸಲ ಬಲಗಿವಿ ಅ‍ಪ್ಪನ ಕಡೆ ಮಾಡಿ ನಿಂತ.

"ಏನಂದಿ, ಅಪ್ಪಾ?"

ಅಪ್ಪ ನೇಕಾರರ ಮುಖ ನೋಡಿದ, ನೆಲ ನೋಡಿದ, ಮಗ್ಗದ ಮೇಲಿನ ಬಟ್ಟೆ ನೋಡಿದ. "ಏನಿಲ್ಲ," ಅಂದ. "ಎಳಿ ಹರದೈತಿ ನೋಡು, ಅಂದೆ."

ಮಗ್ಗ ಮಾರಲಿಲ್ಲ. ಮರುದಿನ ಗಲ್ಲೆಯ ಕೀಲಿ ಆರನೆಯ ಮಗ್ಗದ ಮೇಲೆ ಇತ್ತು, ಇಟ್ಟವರು ಯಾರೆಂದು ಯಾರೂ ಮಾತಾಡಲಿಲ್ಲ. ಈರಣ್ಣ ಶೆಡ್ಡು ನಡೆಸಿದ, ಆದರೆ ರೊಕ್ಕ ಹಿಡಿಯುವುದು ಅವನಿಗೆ ಬರಲೇ ಇಲ್ಲ. ಯಾರು ಕೇಳಿದರೂ ಕೊಡುತ್ತಿದ್ದ, ಎಣಿಸುವುದೆಂದರೆ ಅವನ ಕೈ ಬೆವರುತ್ತಿತ್ತು. ಅಪ್ಪ ಹೋದ ಮೇಲೆ ಮಗ್ಗಗಳು ಒಂದೊಂದಾಗಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಆಮೇಲೆ ಮನೆ. ಈಗ ಅವನು ರಬಕವಿಯ ಒಬ್ಬ ಸೀರೆ ವ್ಯಾಪಾರಿಯಲ್ಲಿ ಸೀರೆ ಮಡಚುವ ಕೆಲಸ ಮಾಡುತ್ತಾನೆ. ಪಗಾರ ಹೆಂಡತಿಯ ಖಾತೆಗೆ ಹೋಗುತ್ತದೆ.

ಹೋದ ಪಂಚಮಿಗೆ ನಾನು ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಮಕ್ಕಳು ಜೋಕಾಲಿಯ ಹತ್ತಿರ ಇದ್ದರು, ನಾವಿಬ್ಬರೇ ಒಳಗೆ ಕೂತಿದ್ದೆವು. ಸಾಯುವ ಮೊದಲು ಹೇಳಬೇಕು ಎಂದು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಮಾತು. ಅವನ ಬಲಗಡೆ ಸರಿದು ಕೂತು ಹೇಳಿದೆ: "ಅಣ್ಣಾ, ಅವತ್ತ ಶೆಡ್ಡಿನ್ಯಾಗ ಅಪ್ಪ ಎಳಿ ಹರದೈತಿ ಅಂದಿರಲಿಲ್ಲ. ತಪ್ಪಾತು ಅಂದಿದ್ದ. ನೀ ಕೇಳಲಿಲ್ಲ, ನಾ ನೋಡೇನಿ."

ಈರಣ್ಣ ಉಂಡಿಯ ತಾಟನ್ನು ನನ್ನ ಕಡೆ ಸರಿಸಿದ. ಮಗ್ಗದಲ್ಲಿ ಹುಟ್ಟಿ ಬೆಳೆದವರು ಸಪ್ಪಳದಲ್ಲಿ ಒಬ್ಬರ ಬಾಯಿ ಒಬ್ಬರು ನೋಡಿಯೇ ಮಾತಾಡುತ್ತಾರೆ ಎಂಬುದನ್ನು ನಾನು, ಅದೇ ಶೆಡ್ಡಿನವಳು, ಹೇಗೆ ಮರೆತಿದ್ದೆನೋ.

"ಗೊತ್ತವಾ. ಕಡಿಗಣ್ಣಿಲೆ ನೋಡಿದ್ದೆ," ಅಂದ. "ಒಂದ ಸಲ ಕಿವಿಲೆ ಕೇಳಬೇಕು ಅಂತ ಮಗ್ಗ ಎಲ್ಲಾ ಬಂದ್ ಮಾಡಿದೆ."